ಹಲಗೆಗೆ ಅಂಟಿಸಿದ ಮೀನು

"ನಿಮ್ಮಿಂದ ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಹೊರಟರೆ ಅದು ನನ್ನ ಬಾಯಲ್ಲಿ ಕೆಡುತ್ತದೆ. ಯಾರಿಗೂ ಹೇಳದೆ, ಇದ್ದ ಹಾಗೆಯೇ ಕಾಪಾಡಿಕೊಳ್ಳುವುದು ಮೇಲಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಜಪಾನಿನ ಕಡಲ ದಂಡೆಯಲ್ಲಿ ಒಬ್ಬ ಚಿತ್ರಕಾರನಿದ್ದ. ಮೂವತ್ತು ವರ್ಷ ಮೀನು ಬರೆದ. ಒಂದೂ ಈಜಲಿಲ್ಲ. ಕಣ್ಣಿಗೆ ಪೊರೆ ಬರತೊಡಗಿದ ವರ್ಷ, ಒಂದು ಬೆಳಗ್ಗೆ, ತೆಳುವಾದ ಕಾಗದದ ಮೇಲೆ ಒಂದು ಮೀನು ತಾನಾಗಿಯೇ ಬಂದು ನಿಂತಂತೆ ಮೂಡಿತು. ಸುತ್ತ ಅವನು ನೀರು ಬರೆದಿರಲಿಲ್ಲ. ಆದರೂ ನೀರಿತ್ತು.

ಅಲ್ಲಿ ಚಿತ್ರಕ್ಕೆ ಮರದ ಅಚ್ಚು ಮಾಡಿ ನೂರಾರು ಪ್ರತಿ ತೆಗೆಯುತ್ತಾರೆ. ಅದಕ್ಕೆ ಚಿತ್ರ ಬರೆದ ಕಾಗದವನ್ನೇ ಮಗುಚಿ ಹಲಗೆಗೆ ಅಂಟಿಸಿ, ಗೆರೆಯನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಕೆತ್ತನೆ ಮುಗಿಯುವಾಗ ಕಾಗದ ಇರುವುದಿಲ್ಲ.

ಚಿತ್ರಕಾರ ಮೀನನ್ನು ಪೆಟ್ಟಿಗೆಯಲ್ಲಿಟ್ಟು, ಅದರ ನಕಲೊಂದನ್ನು ಕೆತ್ತುವವನಿಗೆ ಒಯ್ದುಕೊಟ್ಟ. ಕೆತ್ತುವವನು ನೋಡಿ ನಕ್ಕ.

"ಇದು ಕೆತ್ತುವ ಮೀನಲ್ಲವಯ್ಯ, ಹುರಿಯುವ ಮೀನು. ಅಸಲನ್ನು ಎಲ್ಲಿ ಬಚ್ಚಿಟ್ಟೆ?"

"ಅದು ಹೋದರೆ ಇನ್ನೊಂದು ಬರೆಯಲು ನನಗೆ ಕಣ್ಣಿಲ್ಲ."

"ಹಾಗಾದರೆ ಬಚ್ಚಿಟ್ಟದ್ದನ್ನು ನೋಡುವವರು ಯಾರು?"

ಚಿತ್ರಕಾರ ಮೂರು ದಿನ ಅತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು ಅಸಲನ್ನು ಕೊಟ್ಟು ಎದುರಿಗೇ ಕೂತ. ಹಲಗೆಗೆ ಅಂಟಿಸಿದಾಗ ಮೀನು ಅವನಿಂದ ಮುಖ ತಿರುಗಿಸಿತು. ಉಳಿ ಮರವನ್ನು ಎಬ್ಬಿಸಿದಂತೆಲ್ಲ ಕಾಗದ ಪುಡಿಯಾಗಿ ಅವನ ಮಡಿಲಿಗೆ ಹಾರಿ ಬಿತ್ತು. ಅವನು ಕೊಡವಿಕೊಳ್ಳಲಿಲ್ಲ.

ಎರಡು ಚಳಿಗಾಲ ಕಳೆದವು. ಒಮ್ಮೆ ಬೆಸ್ತರ ಕೇರಿಯಲ್ಲಿ ಹೋಗುತ್ತ, ಚಳಿ ತಾಳದೆ, ಒಂದು ಮನೆಯ ಒಲೆಯ ಬಳಿ ಕೂತ. ಅಲ್ಲಿನ ಮನೆಗಳಿಗೆ ಬೆಳಕು ತೂರುವ ಕಾಗದದ ಬಾಗಿಲು; ಅದು ಹರಿದಲ್ಲಿ ಮನೆಯಾಕೆ ಅವನ ಮೀನಿನ ಅಚ್ಚುಪ್ರತಿಯೊಂದನ್ನು ಅಂಟಿಸಿದ್ದಳು. ಹೊರಗೆ ಬಿಸಿಲು ಬಂತು. ಅವನ ಮಬ್ಬುಗಣ್ಣಿಗೆ ಬಾಗಿಲು ಕಾಣಲಿಲ್ಲ, ಗೋಡೆ ಕಾಣಲಿಲ್ಲ. ಬೆಳಕಿನಲ್ಲಿ ಮೀನು ಮಾತ್ರ ಈಜುತ್ತಿತ್ತು. ಅವನು ಎದ್ದು ಕೈ ಚಾಚಿದ.

ಅವನು ಯಾರೆಂದು ಅವಳಿಗೆ ತಿಳಿಯದು. "ಮುಟ್ಟಬೇಡಜ್ಜ, ಜಾರಿ ಹೋದೀತು!" ಎಂದು ನಕ್ಕಳು.

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಅಸಲು ಕಾಗದದ ಒಂದು ಚೂರಾದರೂ ಉಳಿಯಿತೆ?"

"ಮೀನನ್ನು ಕಂಡ ಮೇಲೂ ಕಾಗದವನ್ನೇ ಕೇಳುತ್ತೀಯಲ್ಲ," ಎಂದರು ಗುರುಗಳು.