ತಿಬ್ಬ ತಂದ ಕಾಲು ಸೂಪು

ಹೂಂಗುಟ್ಟುವವರು ಜೋರಾಗಿ ಹೂಂ ಅನ್ನಿ, ನಗುವವರು ಬಾಯಿ ಮುಚ್ಚಿಕೊಳ್ಳದೆ ನಗಿ. ಮಂಡ್ಯದ ಕಡೆ ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ತಿಬ್ಬ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅವಳ ಕಷ್ಟವೂ ಅದೇ!

ಹೊಂಬಾಳಮ್ಮ ತಿಂಗಳಿಡೀ ಜ್ವರದಲ್ಲಿ ಮಲಗಿ ಎದ್ದಿದ್ದಳು. ಬಾಯಿಗೆ ಏನಿಟ್ಟರೂ ಮಣ್ಣು ತಿಂದ ಹಾಗೆ. ಗಂಜಿ ಬೇಡ, ತಿಳಿಸಾರು ಬೇಡ. ಕೂತರೂ ನಿಂತರೂ ಅವಳಿಗೆ ಒಂದೇ ಆಸೆ.

"ಸಣ್ಣೇಗೌಡ್ರ ಮಿಲಿಟ್ರಿ ಹೋಟ್ಲಿಂದ ಒಂದು ಬಟ್ಲು ಕುರಿ ಕಾಲು ಸೂಪು ತತ್ತೀಯೇನ್ಲಾ? ಈ ನಾಲ್ಗೆಗೆ ಜೀವ ಬತ್ತದೆ."

ಆ ಹೋಟೆಲ್ಲು ತಾತನ ಕಾಲದ್ದು. ಬೋರ್ಡಿಲ್ಲ, ಫ್ಯಾನಿಲ್ಲ, ನಾಲ್ಕು ಮೇಜು, ನಾಲ್ಕು ಬೆಂಚು. ಮುದ್ದೆ, ಮಟನ್ ಸಾರು, ಬೋಟಿ, ಕಾಲು ಸೂಪು, ಅಷ್ಟೇ. ಮಧ್ಯಾಹ್ನ ಹಂಡೆ ಖಾಲಿಯಾಯಿತೋ, ಬಾಗಿಲು ಮುಚ್ಚಿತು. ಉಣ್ಣುವವರ ಹಿಂದೆ ಕಾಯುವವರು ನಿಂತೇ ಇರುತ್ತಿದ್ದರು.

"ಅಲ್ಲಿ ಜಾಗ ಸಿಕ್ಕೋದು ಕಷ್ಟ ಕನ್ಲಾ. ಉಂಡು ಮುಗಿಸ್ತಾ ಇರೋನ ಬೆನ್ನಿಂದೆ ನಿಂತ್ಕೊ, ಬುಡಬ್ಯಾಡ. ನೀನೂ ಉಂಡು, ನಂಗೆ ಡಬ್ಬೀಲಿ ಸೂಪು ತಕ್ಕಂಡ್ ಬಾ."

"ಆಗ್ಲಿ ಕನವ್ವ!"

ತಿಬ್ಬ ಹೋದ. ಒಬ್ಬ ದಪ್ಪನೆಯ ಆಳಿನ ಹಿಂದೆ ನಿಂತ. ಆತ ಉಂಡ, ಎದ್ದ, ಕೈ ತೊಳೆದ. ತಿಬ್ಬ ಹಿಂದೆಯೇ! ಬೀಡಾ ಅಂಗಡಿಗೆ ಹೋದ. ತಿಬ್ಬ ಹಿಂದೆಯೇ! ಮನೆಗೆ ಹೋಗಿ ಮಂಚದ ಮೇಲೆ ಉರುಳಿದ. ತಿಬ್ಬ ತಲೆಯ ಹತ್ತಿರ ನಿಂತ! ಆತನ ಹೆಂಡತಿ "ಯಾರ್ರೀ ಇವ್ನು?" ಅಂತ ಪೊರಕೆ ತಗೊಂಡಳು. ತಿಬ್ಬ ಖಾಲಿ ಡಬ್ಬಿ ಗಡಗಡಿಸುತ್ತಾ ಓಡಿ ಬಂದ.

"ಅಯ್ಯೋ ಮಂಕೇ! ಹಿಡ್ಕಬೇಕಾದ್ದು ಆಳ್ನಲ್ಲ, ಜಾಗವ! ಜಾಗ ಸಿಕ್ತಾ, ಕುಂತ್ಕೊ. ಯಾರು ಏಳು ಅಂದ್ರೂ ಏಳಬ್ಯಾಡ!"

"ಆಗ್ಲಿ ಕನವ್ವ!"

ಮಾರನೇ ದಿನ ತಿಬ್ಬನಿಗೆ ಜಾಗ ಸಿಕ್ಕಿತು. ಕೂತ. ಮುದ್ದೆ ಮುರಿದು ನುಂಗಿದ. ಸಣ್ಣೇಗೌಡ ಬಂದು ಹೇಳಿದ: "ಮನೆಗೆ ಸೂಪು ಬೇಕೇನಪ್ಪ? ಏಳು, ಡಬ್ಬಿ ತಕ್ಕಂಡ್ ಅಡ್ಗೆಮನೆ ಕಿಟ್ಕಿತಾಕ್ ಬಾ."

"ಏಳಾಕಿಲ್ಲ!"

"ಹಂಡೇಲಿ ಮುಗೀತಾ ಅದೆ, ಏಳಪ್ಪ!"

"ಏಳಾಕಿಲ್ಲ!"

ಸೂಪು ಮುಗಿಯಿತು, ಸಾರು ಮುಗಿಯಿತು, ನೆಲ ತೊಳೆದದ್ದೂ ಆಯಿತು. ಗೌಡನೂ ಅಡುಗೆಯವನೂ ಬೆಂಚಿನ ಸಮೇತ ಅವನನ್ನು ಎತ್ತಿ ಬೀದಿಯಲ್ಲಿಟ್ಟರು. ಅಲ್ಲೂ ಕೂತ! ಮೂಳೆಗೆ ಬಂದ ನಾಯಿಯೊಂದು ಅವನನ್ನು ನೋಡಿ ಗುರ್ ಅಂತು. ನಾಯಿ ಏಳು ಅನ್ನಲಿಲ್ಲವಲ್ಲ, ತಿಬ್ಬ ಎದ್ದು ಓಡಿದ.

"ಥೂ ನಿನ್ನ! ಹೋಟ್ಲೋರು ಹೇಳ್ದಂಗೆ ಕೇಳ್ಬೇಕು ಕನ್ಲಾ! ಕಿಟ್ಕಿತಾವ ನಿಂತ್ಕೊ. ಹಾಕ್ಲಾ ಅಂದ್ರೆ ಹಾಕಿ ಅನ್ನು, ಬ್ಯಾಡ ಅನ್ನಬ್ಯಾಡ!"

"ಆಗ್ಲಿ ಕನವ್ವ!"

ಮೂರನೇ ದಿನ ಕಿಟಕಿಯ ಹತ್ತಿರ ಡಬ್ಬಿ ಹಿಡಿದು ನಿಂತ. ಒಳಗಿಂದ ಅಡುಗೆಯವನು ಕೇಳಿದ:

"ಸೂಪು ಹಾಕ್ಲಾ?" "ಹಾಕಿ!"

ಬಿಸಿ ಬಿಸಿ ಸೂಪು, ಮೆಣಸಿನ ಘಮಲು. ಅಷ್ಟಕ್ಕೇ ಡಬ್ಬಿ ಮುಚ್ಚಿ ಬಂದಿದ್ದರೆ ಈ ಕತೆ ಮುಗಿಯುತ್ತಿತ್ತು.

"ಬೋಟಿ ಹಾಕ್ಲಾ?" "ಹಾಕಿ!"

"ಇದ್ರೊಳಕ್ಕೇಯಾ? ಮುದ್ದೆ?" "ಹಾಕಿ!"

ಅಡುಗೆಯವನಿಗೂ ಚೇಷ್ಟೆ ಹತ್ತಿತು. "ಮಜ್ಜಿಗೆ?" "ಹಾಕಿ!"

ಹೊಂಬಾಳಮ್ಮ ಆಸೆಯಿಂದ ಮುಚ್ಚಳ ತೆಗೆದಳು. ಮೂಗು ಮುಚ್ಚಿಕೊಂಡಳು. ಪಾಪ, ಈ ಸಲ ಅವಳಿಗೆ ಬೈಯೋಕೂ ಆಗಲಿಲ್ಲ, ಕಣ್ಣಲ್ಲಿ ನೀರೇ ಬಂತು.

"ಸೂಪು ಒಂದೇ ಸಾಕು ಕನಪ್ಪಾ, ಬಿಸೀಗಿರ್ಬೇಕು. ಆರೋಗ್ಬುಡ್ತದೆ, ದಾರೀಲಿ ಎಲ್ಲೂ ನಿಲ್ಲಬ್ಯಾಡ. ಯಾರು ಕರುದ್ರೂ ನಿಲ್ಲಬ್ಯಾಡ!"

"ಆಗ್ಲಿ ಕನವ್ವ!"

ನಾಲ್ಕನೇ ದಿನ ಸಣ್ಣೇಗೌಡನಿಗೇ ಕನಿಕರ ಹುಟ್ಟಿತು. ತಾನೇ ಬಗ್ಗಿ ನೋಡಿ, ಒಳ್ಳೊಳ್ಳೆಯ ತುಂಡು ಆರಿಸಿ, ಬರೀ ಸೂಪು ತುಂಬಿಸಿಕೊಟ್ಟ. ತಿಬ್ಬ ಓಡಿದ. ಗೆಳೆಯರು ಕರೆದರು, ನಿಲ್ಲಲಿಲ್ಲ. ಮಾವ ಕರೆದ, ನಿಲ್ಲಲಿಲ್ಲ. ಹೊಂಬಾಳಮ್ಮ ಬಟ್ಟಲು ಹಿಡಿದು ಹೊಸಿಲ ಮೇಲೇ ನಿಂತಿದ್ದಳು. ಮಗ ಬರುವುದು ಕಂಡಿತು. ಡಬ್ಬಿಯಿಂದ ಹಬೆ ಬರುವುದೂ ಕಂಡಿತು!

"ಬಾ ನನ್ನಪ್ಪಾ, ಬಾ!"

ತಿಬ್ಬ ಮನೆ ದಾಟಿ ಮುಂದಕ್ಕೆ ಓಡಿದ.

"ಲೋ ತಿಬ್ಬಾ! ನಿಂತ್ಕಳ್ಳೋ!"

"ಯಾರು ಕರುದ್ರೂ ನಿಲ್ಲಬ್ಯಾಡ ಅಂದೋಳು ನೀನೇ ಕನವ್ವ!"

ತಿಂಗಳಿಂದ ಹೊಸಿಲು ದಾಟದ ಹೊಂಬಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟಲು ಹಿಡಿದು ಅವನ ಹಿಂದೆ ಓಡಿದಳು. ಮೇಲಿನ ಬೀದಿ, ಕೆಳಗಿನ ಬೀದಿ, ಸಂತೆಮಾಳ. ಕಡೆಗೆ ಕಾಲು ಸೋತದ್ದು ಸಣ್ಣೇಗೌಡನ ಹೋಟೆಲ್ಲಿನ ಮುಂದೆ.

"ಕುಂತ್ಕೊಳ್ಳಿ ಅಕ್ಕ," ಅಂತ ಗೌಡ ಅವಳನ್ನು ಒಳಗೆ ಕೂರಿಸಿ, ಅವಳ ಬಟ್ಟಲಿಗೇ ಹಂಡೆಯಿಂದ ಬಿಸಿ ಸೂಪು ಬಗ್ಗಿಸಿದ.

ಒಂದು ಗುಟುಕು ಕುಡಿದಳು. ಮೈ ಬೆವರಿತು. ಇನ್ನೊಂದು ಗುಟುಕು. ಮೂಗು ಸೋರಿತು. ನಾಲಿಗೆಗೆ ಖಾರ ತಾಕಿತು, ಉಪ್ಪು ತಾಕಿತು! ಮೂಳೆ ಚೀಪಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ತಿಬ್ಬ ಡಬ್ಬಿ ಹಿಡಿದು ಹೋಟೆಲ್ಲಿನ ಮುಂದೆಯೇ ಓಡಿ ಹೋದ.

"ಅಕ್ಕಾ, ನಿಮ್ಮ ಮಗ! ಹಿಡ್ಸನಾ?" ಅಂದ ಗೌಡ.

ಹೊಂಬಾಳಮ್ಮ ಬಟ್ಟಲು ಮುಂದಕ್ಕೆ ಚಾಚಿದಳು.

"ಇನ್ನೊಂದ್ಸುತ್ತು ಬರ್ಲಿ ಬುಡಿ ಗೌಡ್ರೇ. ನಂಗಿನ್ನೊಂದ್ ಬಟ್ಲು ಹಾಕಿ."