ಕರಿಬೇವಿನ ಗಿಡದ ತಿಪ್ಪ

ಲೋಕಕ್ಕೆ ಸುಣ್ಣ ಬಳಿದು ಇನ್ನೂ ವಾಸನೆ ಹೋಗಿರದ ಕಾಲ. ಯಾವ ಕಡೆಗೆ ಹರಿಯಬೇಕೆಂದು ನದಿಗಳಿಗೆ ಖಚಿತವಾಗಿರಲಿಲ್ಲ. ಗಾಳಿ ಎಲ್ಲರನ್ನೂ ಕೇಳಿಕೊಂಡು ಬೀಸುತ್ತಿತ್ತು. ಯಾರಿಗೆ ಯಾವ ಬಣ್ಣ ಎಂಬುದೂ ತೀರ್ಮಾನವಾಗಿರಲಿಲ್ಲ.

ಹುಳುಗಳ ಮಟ್ಟಿಗೆ ಆ ಕೆಲಸವನ್ನು ಅವುಗಳ ತಾಯಂದಿರಿಗೇ ಬಿಡಲಾಗಿತ್ತು. ತಾಯಿ ಯಾವ ಅಂಗಿ ತೊಡಿಸುತ್ತಾಳೋ ಅದೇ ಮಗುವಿನ ಬಣ್ಣ. ಇದರಿಂದ ಏನಾಗಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಆ ಕಾಲದಲ್ಲಿ ನಿಂಬಕ್ಕ ಎಂಬ ಚಿಟ್ಟೆ ಇದ್ದಳು. ಕಪ್ಪು ರೆಕ್ಕೆ, ರೆಕ್ಕೆಯ ತುಂಬ ಕೆನೆ ಬಣ್ಣದ ಚುಕ್ಕೆಗಳು. ಅವಳ ಸಂಸಾರವೆಲ್ಲ ತಿಪ್ಪಜ್ಜಿಯ ಹಿತ್ತಲಿನ ಕರಿಬೇವಿನ ಗಿಡದ ಮೇಲೆ. ತಿಪ್ಪಜ್ಜಿಗೆ ಬಹಳ ವಯಸ್ಸಾಗಿತ್ತು. ಹೊಸ ಲೋಕದಲ್ಲಿ ಅಷ್ಟು ಹಳಬಳು ಹೇಗೆ ಬಂದಳು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಿಂಬಕ್ಕನಿಗೆ ಹೊಲಿಗೆಯ ಹುಚ್ಚು. ಮೊದಲ ಮಗುವಿಗೆ ಜರಿಯಂಚಿನ ಹಳದಿ ಅಂಗಿ ಹೊಲಿದಳು. ಅದನ್ನು ತೊಟ್ಟು ಮಗು ಎಲೆಯ ಮೇಲೆ ಕೂತರೆ ಓಣಿಯ ಕೊನೆಗೂ ಕಾಣಿಸುತ್ತಿತ್ತು.

ಜುಟ್ಟಿನ ಪಿಕಳಾರಕ್ಕೂ ಕಾಣಿಸಿತು. ಹಕ್ಕಿ ಬಂತು. ನೋಡಿತು. ತಿಂದಿತು. ಹೋಯಿತು.

ಎರಡನೆಯ ಮಗುವಿಗೆ ಕೆಂಪು ರೇಷ್ಮೆ. ಹಕ್ಕಿ ಬಂತು. ನೋಡಿತು. ತಿಂದಿತು. ಹೋಗುವಾಗ, "ಹೊಲಿಗೆ ಬಹಳ ಚೆನ್ನಾಗಿದೆ, ನಿಂಬಕ್ಕ" ಎಂದಿತು. ಪಿಕಳಾರ ಕೆಟ್ಟದ್ದೇನಲ್ಲ. ಗೂಡಿನಲ್ಲಿ ಅದಕ್ಕೂ ಮೂರು ಬಾಯಿಗಳು ತೆರೆದುಕೊಂಡಿದ್ದವು.

ಹೀಗೇ ಎಂಟು ಅಂಗಿಗಳು ಹೋದವು. ಅಂಗಿಯ ಒಳಗಿದ್ದವರೂ ಹೋದರು. ಈಗ ಚಿಗುರೆಲೆಯ ತುದಿಯಲ್ಲಿ ಉಳಿದಿದ್ದದ್ದು ಒಂದೇ ಮೊಟ್ಟೆ. ಸಾಸಿವೆ ಕಾಳಿನಷ್ಟು, ಹಳದಿ, ದುಂಡಗೆ. ಅದೂ ಹೋದರೆ ನಿಂಬಕ್ಕನನ್ನು ಅಮ್ಮ ಎನ್ನುವವರು ಯಾರೂ ಇಲ್ಲ.

ಪಕ್ಕದ ನಂದಿಬಟ್ಟಲು ಗಿಡದಲ್ಲಿ ಪತಂಗಮ್ಮ ಇದ್ದಳು. ನಿಂಬಕ್ಕ ಕೂತಾಗ ಮಡಿಸಿದ ಸೀರೆಯ ಹಾಗೆ ರೆಕ್ಕೆ ಮೇಲಕ್ಕೆತ್ತಿ ಜೋಡಿಸುತ್ತಿದ್ದಳು. ಪತಂಗಮ್ಮ ಹಾಸಿದ ಚಾಪೆಯ ಹಾಗೆ ರೆಕ್ಕೆ ಅಗಲಿಸಿ ಕೂರುತ್ತಿದ್ದಳು. ಇಬ್ಬರಿಗೂ ತಮ್ಮದೇ ಸರಿಯಾದ ರೀತಿ ಎಂಬ ವಿಷಯದಲ್ಲಿ ಸಂಶಯವಿರಲಿಲ್ಲ.

"ನಾನು ನನ್ನ ಕೂಸಿಗೆ ಬೆನ್ನ ಮೇಲೆ ಎರಡು ನೀಲಿ ಕಣ್ಣು ಬರೆದಿದ್ದೀನಿ" ಎಂದಳು ಪತಂಗಮ್ಮ. "ಹಕ್ಕಿ ನೋಡಿದರೆ ಹೆದರುತ್ತೆ. ನೀನೂ ಬರಿ."

"ಕಣ್ಣು ಇರೋ ಕಡೆ ಕಣ್ಣು ಇದ್ದರೆ ಚೆಂದ" ಎಂದಳು ನಿಂಬಕ್ಕ.

"ಚೆಂದ ಮಾಡಿ ಮಾಡಿಯೇ ಎಂಟು ಕಳಕೊಂಡೆಯಲ್ಲೆ."

ನಿಂಬಕ್ಕ ಮೊಟ್ಟೆಯ ಕಡೆ ತಿರುಗಿ ನೋಡಿದಳು.

ಅಷ್ಟರಲ್ಲಿ ತಿಪ್ಪಜ್ಜಿ ಸಾರಿನ ಒಗ್ಗರಣೆಗೆ ಕರಿಬೇವು ಕೀಳಲು ಬಂದಳು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅವಳ ಕೈ ನೇರವಾಗಿ ಮೊಟ್ಟೆಯಿದ್ದ ಎಲೆಗೇ ಹೋಯಿತು.

"ಅಜ್ಜಿ, ಅದೊಂದು ಬೇಡ" ಎಂದು ನಿಂಬಕ್ಕ ಕೈಯ ಮೇಲೇ ಬಂದು ಕೂತಳು. "ಅದರ ಮೇಲೆ ನನ್ನ ಕೊನೆಯ ಕೂಸಿದೆ." ಎಂಟು ಮಕ್ಕಳ ಕತೆಯನ್ನೂ, ಎಂಟು ಅಂಗಿಗಳ ಕತೆಯನ್ನೂ ಹೇಳಿದಳು. ಅಂಗಿಗಳ ಕತೆ ಸ್ವಲ್ಪ ಉದ್ದವಾಯಿತು.

ತಿಪ್ಪಜ್ಜಿ ಎಲೆ ಬಿಟ್ಟಳು. "ನನಗೆ ಈ ಹೆಸರು ಯಾಕೆ ಬಂತು ಗೊತ್ತೇನೆ ನಿಂಬಿ? ನನಗಿಂತ ಮೊದಲು ಹುಟ್ಟಿದ ಮೂರು ಕೂಸು ನಿಲ್ಲಲಿಲ್ಲ. ನಾನು ಹುಟ್ಟಿದಾಗ ನಮ್ಮವ್ವ ನನ್ನನ್ನ ಮೊರದಲ್ಲಿಟ್ಟು ತಿಪ್ಪೆ ಮೇಲೆ ಬಿಟ್ಟು ಬಂದಳು. ಪಕ್ಕದ ಮನೆಯವಳು ಎತ್ತಿಕೊಂಡು ಬಂದು, 'ಯಾರೋ ಬಿಸಾಕಿದ ಕೂಸು ಕಣವ್ವ, ಬೇಕಾದರೆ ಇಟ್ಟುಕೋ' ಅಂತ ಕೊಟ್ಟಳು. ತಿಪ್ಪಮ್ಮ ಅಂತ ಹೆಸರಿಟ್ಟರು. ಸಾವು ಬಾಗಿಲವರೆಗೂ ಬಂತಂತೆ. 'ತಿಪ್ಪೆ ಮೇಲಿನ ಕಸ ಯಾರಿಗೆ ಬೇಕು' ಅಂತ ಮೂಗು ಮುಚ್ಚಿಕೊಂಡು ಹೋಯಿತಂತೆ. ನೋಡು, ಇನ್ನೂ ಒಗ್ಗರಣೆ ಹಾಕ್ತಾ ಇದ್ದೀನಿ."

ಇಷ್ಟು ಹೇಳಿ ಬೇರೆ ನಾಲ್ಕು ಎಲೆ ಕಿತ್ತುಕೊಂಡು ಒಳಗೆ ಹೋದಳು.

ಅಜ್ಜಿಯ ಮಾತಿನ ಅರ್ಥ ಇಷ್ಟೇ: ಒಂದು ಗಳಿಗೆ ಕಸದ ಮೇಲಿಟ್ಟು ಎತ್ತಿಕೋ, ಹೆಸರು ಕೆಟ್ಟದಾಗಿಡು. ಆದರೆ ನಿಂಬಕ್ಕ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಗಿಡದ ಮೇಲೆ ತಿಪ್ಪೆ ಎಲ್ಲಿದೆ ಎಂದು ಹುಡುಕಿದಳು. ಇರಲಿಲ್ಲ. ಗಿಡದಲ್ಲಿ ಎಲ್ಲಕ್ಕಿಂತ ಕೀಳಾದ ವಸ್ತು ಎಂದರೆ ಒಂದು ಎಲೆಯ ಮೇಲೆ ಬಿದ್ದಿದ್ದ ಹಕ್ಕಿಯ ಹಿಕ್ಕೆ.

ನಿಂಬಕ್ಕ ಅದರ ಮುಂದೆ ಕೂತು ಬಹಳ ಹೊತ್ತು ಅಭ್ಯಾಸ ಮಾಡಿದಳು. ನಂತರ ಹೊಲಿಯಲು ಶುರುಮಾಡಿದಳು. ಕಂದುಗಪ್ಪು ಬಟ್ಟೆ, ನಡುವೆ ಬಿಳಿ ಪಟ್ಟೆ, ತುದಿಯಲ್ಲಿ ಇನ್ನೊಂದಿಷ್ಟು ಬಿಳಿ, ಮೇಲೆ ಈಗಷ್ಟೇ ಬಿದ್ದದ್ದು ಅನ್ನಿಸುವಂಥ ಒದ್ದೆ ಹೊಳಪು. ಜರಿಯಂಗಿಗೆ ಒಂದು ದಿನ ಸಾಕಾಗಿತ್ತು. ಇದಕ್ಕೆ ಮೂರು ದಿನ ಹಿಡಿಯಿತು.

ಮೊಟ್ಟೆ ಒಡೆದು ಮಗು ಹೊರಬಂತು. ನಿಂಬಕ್ಕ ಅಂಗಿ ತೊಡಿಸಿದಳು. ತಿಪ್ಪ ಎಂದು ಹೆಸರಿಟ್ಟಳು.

ಪತಂಗಮ್ಮ ಕೂಸು ನೋಡಲು ಬಂದಳು. ಬಹಳ ಹೊತ್ತು ನೋಡಿದಳು. "ಕೂಸೆಲ್ಲಿ?" ಎಂದಳು.

"ಅದೇ."

"ಮುಖ ಯಾವ ಕಡೆ?"

"ಬಿಳಿ ಇರೋದು ಬಾಲ. ಈ ಕಡೆ ಮುಖ."

ತಿಪ್ಪಜ್ಜಿಯೂ ಕನ್ನಡಕವಿಲ್ಲದ ಕಾಲವಾದ್ದರಿಂದ ಕಣ್ಣು ಕಿರಿದು ಮಾಡಿ ನೋಡಿದಳು. "ಹೆಸರಿಡು ಅಂದೆ ಕಣೆ. ಇಷ್ಟೆಲ್ಲ ಮಾಡು ಅಂದೆನಾ?"

ಮರುದಿನ ಹಕ್ಕಿ ಬಂತು. ಎಲೆಯ ಮೇಲೆ ಇಳಿದು ತಿಪ್ಪನನ್ನೇ ನೋಡಿತು. ತಿಪ್ಪ ಅಲುಗಲಿಲ್ಲ. ಎರಡು ಎಲೆಯಾಚೆ ನಿಂಬಕ್ಕನೂ ಅಲುಗಲಿಲ್ಲ.

"ಇದೇನಿದು?" ಎಂದಿತು ಪಿಕಳಾರ.

ಕರಿಬೇವಿನ ಗಿಡ ಅಲ್ಲಿಯವರೆಗೆ ಯಾರ ವಿಷಯಕ್ಕೂ ಬಾಯಿ ಹಾಕಿದ್ದಿಲ್ಲ. ಈಗ ಗಂಟಲು ಸರಿಮಾಡಿಕೊಂಡು, "ನಿಮ್ಮದೇ ಇರಬೇಕು, ಪಿಕಳಾರಮ್ಮ" ಎಂದಿತು. "ಬೆಳಿಗ್ಗೆ ಮೇಲಿನ ಕೊಂಬೆಯಲ್ಲಿ ಕೂತಿದ್ದಿರಿ."

"ಕೂತಿದ್ದೆ" ಎಂದಿತು ಹಕ್ಕಿ. "ಇದ್ದರೂ ಇರಬಹುದು. ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ?" ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಬೇಡ" ಎಂದಿತು.

ಹಕ್ಕಿ ಬಂತು. ನೋಡಿತು. ನಾಚಿತು. ಹೋಯಿತು.

ಗಿಡ ಯಾಕೆ ಸುಳ್ಳು ಹೇಳಿತು ಎಂದು ನಿಂಬಕ್ಕನಿಗೆ ಅರ್ಥವಾಗಲಿಲ್ಲ. ತಿಪ್ಪ ತಿನ್ನುತ್ತಿದ್ದದ್ದು ಅದರ ಎಲೆಯನ್ನೇ ಅಲ್ಲವೇ?

"ಅಜ್ಜಿಯ ಮನೆಯವರು ನನ್ನ ಎಲೆ ಇಲ್ಲದೆ ಸಾರು ಮಾಡುವುದಿಲ್ಲ" ಎಂದಿತು ಗಿಡ. "ಊಟಕ್ಕೆ ಕೂತ ಮೇಲೆ ಮೊದಲು ಆರಿಸಿ ತಟ್ಟೆಯ ಅಂಚಿಗಿಡುವುದೂ ಅದನ್ನೇ. ನನ್ನನ್ನು ಪೂರ್ತಿ ತಿಂದವನು ಇವನೊಬ್ಬನೇ."

ದಿನಗಳು ಹೋದವು. ತಿಪ್ಪ ತಿಂದ, ಬೆಳೆದ. ಅಂಗಿಯೂ ಅವನ ಜೊತೆಗೇ ಹಿಗ್ಗಿತು. ತೊಂದರೆ ಶುರುವಾದದ್ದು ಅಲ್ಲಿಯೇ.

ಒಂದು ಸಂಜೆ ಹಕ್ಕಿ ಬಂದು, ತಲೆ ಓರೆ ಮಾಡಿ ತಿಪ್ಪನನ್ನು ಅಳೆಯಿತು. "ಇದು ನಿನ್ನೆಗಿಂತ ಉದ್ದವಾಗಿದೆ" ಎಂದಿತು. "ಬೆಳೆಯುವ ಹಿಕ್ಕೆಯನ್ನು ನಾನು ಕಂಡಿಲ್ಲ. ಮತ್ತೆ ಇಷ್ಟು ದೊಡ್ಡದು ನನ್ನಿಂದ ಆಗುವ ಕೆಲಸವೂ ಅಲ್ಲ. ಈಗ ಕತ್ತಲಾಯಿತು, ಬೆಳಿಗ್ಗೆ ಬಂದು ಕುಕ್ಕಿ ನೋಡುತ್ತೇನೆ."

ನಿಂಬಕ್ಕ ಸೂಜಿ ಎತ್ತಿಕೊಂಡಳು. ಹೊಸ ಅಂಗಿ ಹೊಲಿಯಲು ಬೆಳಕಿಲ್ಲ, ಬಟ್ಟೆಯೂ ಇಲ್ಲ. ತಿಪ್ಪ ಮಾತ್ರ, "ಅವ್ವ, ಅಂಗಿ ಬಿಗೀತಾ ಇದೆ" ಎಂದು ಗೊಣಗುತ್ತ ಇನ್ನೊಂದು ಎಲೆ ಮುಗಿಸಿದ. ಬಾಯಿ ಒರೆಸಿಕೊಂಡು ಮೈ ಮುರಿದ. ಅಂಗಿ ಬೆನ್ನಿನ ಮೇಲೆ ಪರ್ ಎಂದು ಹರಿಯಿತು.

ಒಳಗೆ ತಿಪ್ಪ ಹಸಿರಾಗಿದ್ದ. ಹುಟ್ಟಿದಾಗಿನಿಂದ ಕರಿಬೇವನ್ನು ಬಿಟ್ಟು ಬೇರೇನನ್ನೂ ತಿಂದಿರಲಿಲ್ಲವಲ್ಲ, ಅದೇ ಮೈಗೆ ಹತ್ತಿತ್ತು. ನಿಂಬಕ್ಕ ಸೂಜಿ ಕೆಳಗಿಟ್ಟಳು. ತಾನು ಹೊಲಿಯದ ಅಂಗಿಯೇ ಮಗನಿಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿದ್ದನ್ನು ನೋಡಿ ಅವಳಿಗೆ ಸ್ವಲ್ಪ ಬೇಸರವೂ ಆಯಿತು.

ಬೆಳಿಗ್ಗೆ ಹಕ್ಕಿ ಬಂತು. ಹಿಕ್ಕೆ ಇರಲಿಲ್ಲ. ಎಲೆಗಳಿದ್ದವು. ಆದರೆ ಒಂದು ಎಲೆ ಮಾತ್ರ ಉಸಿರಾಡುತ್ತಿತ್ತು. ಹಕ್ಕಿ ಬಗ್ಗಿ ಕೊಕ್ಕು ಹತ್ತಿರ ತಂದಿತು. ಅಲುಗಬಾರದು ಎಂಬ ತಾಯಿಯ ಮಾತು ಭಯದಲ್ಲಿ ತಿಪ್ಪನಿಗೆ ಮರೆತೇಹೋಯಿತು. ತಲೆ ಎತ್ತಿ ಎರಡು ಕಿತ್ತಳೆ ಕೊಂಬುಗಳನ್ನು ಹೊರಚಾಚಿದ. ಅವನಿಗೆ ಕೊಂಬುಗಳಿರುವುದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಜೊತೆಗೆ ಒಂದು ವಾಸನೆಯೂ ಬಂತು. ಅಂಗಿ ಹೋಗಿತ್ತು, ಆದರೆ ಅಷ್ಟು ದಿನ ತೊಟ್ಟ ತಿಪ್ಪೆಯ ವಾಸನೆ ಅಷ್ಟು ಬೇಗ ಹೋಗುತ್ತದೆಯೇ?

ಹಕ್ಕಿ ಬಂತು. ನೋಡಿತು. ಮೂಸಿತು. ಹೋಯಿತು. ಹೋಗುವಾಗ ಈ ಸಲ ಹೊಲಿಗೆಯ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ತಿಪ್ಪ ಸೊಂಟಕ್ಕೊಂದು ನೂಲು ಕಟ್ಟಿಕೊಂಡು, ಕಡ್ಡಿಗೆ ಒರಗಿ, ಚಿಪ್ಪಿನೊಳಗೆ ಮಲಗಿದ. ಎದ್ದು ಬಂದಾಗ ಅವನಿಗೆ ಕಪ್ಪು ರೆಕ್ಕೆಗಳಿದ್ದವು. ರೆಕ್ಕೆಯ ತುಂಬ ಕೆನೆ ಬಣ್ಣದ ಚುಕ್ಕೆಗಳು. ನಿಂಬಕ್ಕ ಅವನ ಸುತ್ತ ಮೂರು ಸಲ ಹಾರಿ ನೋಡಿದಳು. ಎಲ್ಲಿಯೂ ಒಂದು ಹೊಲಿಗೆ ತಿದ್ದುವ ಅಗತ್ಯ ಕಾಣಲಿಲ್ಲ.

"ತಡಿಯೇ, ಇಷ್ಟು ಚೆಂದ ಇದ್ದರೆ ಖಂಡಿತ ದೃಷ್ಟಿಯಾಗುತ್ತೆ" ಎಂದು ತಿಪ್ಪಜ್ಜಿ ಒಳಗೋಡಿ ಅರಿಸಿನ, ಸುಣ್ಣ ಕಲಸಿದ ಕೆಂಪು ನೀರಿನ ಆರತಿ ತಂದಳು. ನಿವಾಳಿಸಿ, ಬೆರಳದ್ದಿ ಹಣೆಗೆ ಬೊಟ್ಟಿಡಲು ಹೋದಳು. ಹೊಸ ರೆಕ್ಕೆ ಬಂದವನು ನಿಲ್ಲುತ್ತಾನೆಯೇ? ತಿಪ್ಪ ಹಾರಿಯೇಬಿಟ್ಟ. ಬೆರಳು ಹಿಂದಿನ ರೆಕ್ಕೆಯ ಮೂಲೆಗೆ ತಗುಲಿತು.

"ಹೋಗ್ಲಿ ಬಿಡು, ಎಲ್ಲಿ ಬಿದ್ದರೂ ಬೊಟ್ಟು ಬೊಟ್ಟೇ" ಎಂದಳು ತಿಪ್ಪಜ್ಜಿ. ಮಿಕ್ಕ ಕೆಂಪು ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ಸಾರು ನೋಡಲು ಒಳಗೆ ಹೋದಳು.

ನಿಮ್ಮ ಮನೆಯ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದ್ದರೆ ಒರೆಸಬೇಡಿ, ಸ್ವಲ್ಪ ಹೊತ್ತು ಕಾಯಿರಿ, ಅದು ನಡೆದರೆ ಅದು ತಿಪ್ಪ. ಕೆಲವು ವಾರಗಳ ನಂತರ ಅದೇ ಗಿಡದ ಸುತ್ತ ಹಾರುವ ಕರಿಯ ಚಿಟ್ಟೆಯ ಹಿಂದಿನ ರೆಕ್ಕೆಯ ಮೂಲೆಯನ್ನು ನೋಡಿ, ಅಜ್ಜಿ ಇಟ್ಟ ಕೆಂಪು ಬೊಟ್ಟು ಇಂದಿಗೂ ಅಳಿಸಿಲ್ಲ.