ವಾರದ ಮಟ್ಟಿಗೆ ಬಂದ ಪ್ರಿಂಟರ್

ವನಜಾಕ್ಷಿಯವರ ರಕ್ತಪರೀಕ್ಷಾ ಕೇಂದ್ರಕ್ಕೆ ಹೊಸ ಲೇಸರ್ ಪ್ರಿಂಟರೊಂದು ಬಂತು. ಒಂದು ವಾರ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳುವ ಮಾತಾಗಿತ್ತು. ಅದು ಮೂರು ಕಂಪ್ಯೂಟರುಗಳ ಪುಟಗಳನ್ನು ಮುದ್ರಿಸುತ್ತಿತ್ತು, ನಕಲು ತೆಗೆಯುತ್ತಿತ್ತು, ಫ್ಯಾಕ್ಸನ್ನೂ ಕಳಿಸುತ್ತಿತ್ತು. ಆದರೂ ಎಲ್ಲಿ ವಾಪಸು ಕಳಿಸಿಬಿಡುತ್ತಾರೋ ಎಂಬ ಅಳುಕು ಅದಕ್ಕೆ ಇದ್ದೇ ಇತ್ತು.

ಕೊನೆಯ ದಿನ, ಹೆರಿಗೆಗೆ ಸೇರಿದ್ದ ಹೆಂಗಸೊಬ್ಬಳ ರಕ್ತದ ವರದಿಯನ್ನು ಆಸ್ಪತ್ರೆಗೆ ತುರ್ತಾಗಿ ಫ್ಯಾಕ್ಸ್ ಮಾಡಬೇಕಾಯಿತು. ಮೂರು ಸಲ ಯತ್ನಿಸಿದರೂ ಪ್ರಿಂಟರಿಗೆ ಲೈನ್ ಸಿಗಲಿಲ್ಲ.

ಲೈನ್ ಕಳಚಿ ಪಕ್ಕಕ್ಕಿಟ್ಟಿದ್ದ ಹಳೆಯ ಫ್ಯಾಕ್ಸ್ ಯಂತ್ರ ಪಿಸುಗುಟ್ಟಿತು: "ತಮ್ಮಾ, 'ಹೋಯಿತು' ಎಂದು ಚೀಟಿ ಕೊಟ್ಟುಬಿಡು. ಹನ್ನೆರಡು ವರ್ಷ ನಾನು ಮರ್ಯಾದೆ ಉಳಿಸಿಕೊಂಡದ್ದು ಹಾಗೆಯೇ."

"ಅಲ್ಲಿ ಆ ತಾಯಿ ಕಾಯುತ್ತಿದ್ದಾಳಲ್ಲ ಅಣ್ಣಾ?"

"ಇಲ್ಲಿ ನಿನ್ನನ್ನು ಅಳೆಯುತ್ತಿದ್ದಾರೆ. ಮೊದಲು ಅದನ್ನು ಯೋಚಿಸು."

ಪ್ರಿಂಟರ್ ಕೀ ಎಂದು ಕೂಗಿ, "ಹೋಗಲಿಲ್ಲ" ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿತು.

ಚೀಟಿ ನೋಡಿದವರೇ ವನಜಾಕ್ಷಿ ವರದಿಯನ್ನು ಹಿಡಿದು ಸ್ಕೂಟರ್ ಹತ್ತಿದರು. ಸಂಜೆಯ ಹೊತ್ತಿಗೆ ತಾಯಿ, ಮಗು ಇಬ್ಬರೂ ಕ್ಷೇಮವೆಂಬ ಸುದ್ದಿ ಬಂತು.

ಅಷ್ಟರಲ್ಲಿ ಕಂಪನಿಯವನು ಬಂದು, "ಫ್ಯಾಕ್ಸ್ ಕೈಕೊಟ್ಟಿತಂತೆ ಮೇಡಂ. ವಾಪಸು ಒಯ್ಯಲೇ?" ಎಂದು ಕೇಳಿದ.

"ಹಳೆಯದನ್ನು ಒಯ್ಯಿರಿ," ಎಂದರು ವನಜಾಕ್ಷಿ. "ಅದು 'ಹೋಯಿತು' ಎಂದರೂ ಎಷ್ಟೋ ವರದಿ ತಲುಪುತ್ತಿರಲಿಲ್ಲ. ಇದು ಇಲ್ಲೇ ಇರಲಿ."